ಆಪರೇಷನ್ ನಾನೇ ಮಾಡಿಸಿಕೊಂಡೆ

ನಾನು ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ತರ. ಇಬ್ಬರು ಮಕ್ಕಳು. ದೊಡ್ಡವಳು ಶಾಲೆಗೆ ಹೋಗುತ್ತಾಳೆ, ಚಿಕ್ಕವನು ಅಂಗನವಾಡಿಗೆ. ಇನ್ನು ಮಕ್ಕಳು ಸಾಕು ಅಂತ ನಾವಿಬ್ಬರೂ ಮಾತಾಡಿಕೊಂಡ ಮೇಲೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸಿಕೊಂಡಿದ್ದು ನಾನು, ನನ್ನ ಹೆಂಡತಿ ಅಲ್ಲ. ವಿಷಯ ಗೊತ್ತಾದ ಮೇಲೆ ನಮ್ಮ ಯೂನಿಟ್‌ನ ಕೆಲವರು ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಕೇಳಿದ್ದಾರೆ. ನೋವಾಯಿತಾ, ಎಷ್ಟು ದಿನ ರಜೆ ಹಾಕಬೇಕು, ಆಮೇಲೆ ಎಲ್ಲ ಸರಿ ಇದೆಯಾ ಅಂತ. ಎಲ್ಲರೂ ದನಿ ತಗ್ಗಿಸಿಯೇ ಕೇಳುತ್ತಾರೆ. ಅದಕ್ಕೇ ಇಲ್ಲಿ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ.

ಮೊದಲು ನನ್ನ ಹೆಂಡತಿ ಏನೇನು ಅನುಭವಿಸಿದಳು ಅಂತ ಹೇಳಬೇಕು. ಎರಡನೇ ಹೆರಿಗೆ ಆದ ಮೇಲೆ ಅವಳು ಮಕ್ಕಳಾಗದ ಹಾಗೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ ಹಾಕಿಸಿಕೊಂಡಳು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. 5 ವರ್ಷದ್ದು, 10 ವರ್ಷದ್ದು ಅಂತ ಎರಡು ಬಗೆ ಇದೆ, ಬೇಡ ಅನಿಸಿದಾಗ ತೆಗೆಸಬಹುದು. ಬಹಳ ಹೆಂಗಸರಿಗೆ ಅದು ಒಗ್ಗುತ್ತದೆ, ನನ್ನ ಅತ್ತಿಗೆಗೆ ಇವತ್ತಿಗೂ ಏನೂ ತೊಂದರೆ ಇಲ್ಲ. ಇವಳಿಗೆ ಮಾತ್ರ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗೋಕೆ ಶುರುವಾಯಿತು. ಮೊದಲೇ ಮೈಯಲ್ಲಿ ರಕ್ತ ಕಡಿಮೆ, ಬಸುರಿದ್ದಾಗಲೂ ತಾಯಿ ಕಾರ್ಡಿನಲ್ಲಿ ಅದನ್ನೇ ಬರೆದಿದ್ದರು. ತೆಗೆಸಿದೆವು. ಆಮೇಲೆ ಛಾಯಾ ಮಾತ್ರೆ ಕೊಟ್ಟರು. ಅದರಲ್ಲಿ ಹಾರ್ಮೋನ್ ಇರುವುದಿಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು ನುಂಗಬೇಕು. ಅವಳು ಮನೆಯಲ್ಲೇ ಪ್ಯಾಂಟುಗಳ ದಾರ ಕತ್ತರಿಸುವ ಕೆಲಸ ಮಾಡುತ್ತಾಳೆ, ಪೀಸಿಗೆ ಇಷ್ಟು ಅಂತ ಕೊಡುತ್ತಾರೆ. ಬಂಡಲ್ ಬಂದ ದಿನ ಊಟದ ಹೊತ್ತೂ ನೆನಪಿರುವುದಿಲ್ಲ, ಇನ್ನು ಮಾತ್ರೆಯ ವಾರ ಎಲ್ಲಿ ನೆನಪಿರುತ್ತದೆ. ಕೊನೆಗೆ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್. ಅದಕ್ಕೆ ಅವಳ ಮುಟ್ಟು ಲೆಕ್ಕ ತಪ್ಪಿತು, ಸ್ವಲ್ಪ ಸ್ವಲ್ಪ ರಕ್ತ ಯಾವಾಗಂದರೆ ಆವಾಗ. ಹಲವರಿಗೆ ಹೀಗಾಗುತ್ತದೆ, ಕ್ರಮೇಣ ಸರಿಹೋಗುತ್ತದೆ ಅಂತ ಸಿಸ್ಟರ್ ಧೈರ್ಯ ಹೇಳಿದರು. ಅವಳಿಗೆ ಕಾಯುವ ತಾಳ್ಮೆ ಮುಗಿದಿತ್ತು.

ಉಳಿದಿದ್ದು ಹೆಂಗಸರ ಆಪರೇಷನ್. ಅವ್ವ ಮೊದಲಿಂದ ಹೇಳುತ್ತಿದ್ದುದು ಅದನ್ನೇ. ಆದರೆ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಿದ್ದು ನಿಮಗೆ ನೆನಪಿರಬಹುದು. ಅದು ಬೇರೆಯೇ ವಿಷಯ, ಹೆರಿಗೆಯದು, ಡ್ರಿಪ್ ಬಾಟಲಿಯ ಬಗ್ಗೆ ರಾಜ್ಯವೆಲ್ಲ ಮಾತಾಯಿತು. ಆದರೆ ನಮ್ಮ ಓಣಿಯ ಹೆಂಗಸರಿಗೆ ಅಂದಿನಿಂದ ಆಪರೇಷನ್ ಟೇಬಲ್ ಅಂದರೆ ಭಯ. ನನ್ನ ಹೆಂಡತಿ ರಾತ್ರಿ ಎದ್ದು ಕೂತು ಮಕ್ಕಳ ಮುಖ ನೋಡುತ್ತಿದ್ದಳು. ಇಂಥ ಭಯವನ್ನು ತಿಳುವಳಿಕೆ ಇಲ್ಲದ್ದು ಅಂತ ತಳ್ಳಿಹಾಕೋಕೆ ನನಗೆ ಮನಸ್ಸಾಗಲಿಲ್ಲ.

ಆಗ ಒಂದು ದಿನ ನಮ್ಮ ಓಣಿಯ ಆಶಾ ಕಾರ್ಯಕರ್ತೆ, ನಾವು ಆಶಾ ಅಕ್ಕ ಅನ್ನುವವರು, ಮನೆಗೆ ಬಂದಿದ್ದರು. ಅಂತರಾ ಮುಂದಿನ ಡೋಸ್ ಬಗ್ಗೆ ಕೇಳೋಕೆ ಬಂದವರು, ನನ್ನನ್ನು ನೋಡಿ, "ಅಣ್ಣಾ, ತಪ್ಪು ತಿಳಿಬೇಡಿ, ನೀವು ಮಾಡಿಸಿಕೊಳ್ಳಬಹುದಲ್ವಾ? ನಿಮ್ಮದು ಬಹಳ ಸಣ್ಣ ಆಪರೇಷನ್" ಅಂದರು. ಅವ್ವ ಒಳಗಿಂದಲೇ, "ಯಪ್ಪಾ, ದುಡಿಯೋ ಗಂಡಸು ನೀನು, ಭಾರ ಎತ್ತೋ ಮೈ. ಅದೆಲ್ಲ ಬೇಡ" ಅಂದಳು. ಹೆಂಡತಿ ಆಗ ಏನೂ ಮಾತಾಡಲಿಲ್ಲ. ರಾತ್ರಿ ಹೇಳಿದಳು, "ಇಷ್ಟು ವರ್ಷ ಎಲ್ಲ ನನ್ನ ಮೈಮೇಲೇ ಆಯ್ತು. ಇದೊಂದು ನಿಮ್ಮ ಕಡೆ ಆಗಲಿ." ಅದಕ್ಕೆ ಎದುರು ಹೇಳುವಂಥ ಮಾತು ನನ್ನ ಹತ್ತಿರ ಇರಲಿಲ್ಲ. ಇರಬಾರದು ಕೂಡ.

ವಿಚಾರಿಸೋಕೆ ಹೋದೆ. ಯಾವ ಆಸ್ಪತ್ರೆ ಅಂತ ಹೆಸರು ಹೇಳುವುದಿಲ್ಲ. ಅಲ್ಲಿ ಕುಟುಂಬ ಕಲ್ಯಾಣ ಅಂತ ಬೋರ್ಡ್ ಇರುವ ಕೋಣೆಯ ಮುಂದೆ ಕೂತವರೆಲ್ಲ ಹೆಂಗಸರು, ಬಾಣಂತಿಯರು, ಚುಚ್ಚುಮದ್ದಿಗೆ ಬಂದ ಕೂಸುಗಳು. ನಾನು ಬಾಗಿಲ ಹತ್ತಿರ ನಿಂತರೆ, "ಇಲ್ಲಿ ಗಂಡಸರು ನಿಲ್ಲಬೇಡ್ರಿ, ಹೊರಗಡೆ ಹೋಗ್ರಿ" ಅಂತ ಆಯಾ ಗದರಿದರು. ನನಗೇ ಆಪರೇಷನ್ ಬೇಕು ಅಂತ ಅಷ್ಟು ಜನರ ಮುಂದೆ ಹೇಳಬೇಕಾಯಿತು. ಒಳಗಿದ್ದವರು ಜೋರಾಗಿ, "ಎನ್‌ಎಸ್‌ವಿನಾ? ಯಾರಿಗೆ? ನಿಮಗಾ?" ಅಂತ ಕೇಳಿದರು. ಎನ್‌ಎಸ್‌ವಿ ಅಂದರೆ ಬ್ಲೇಡ್ ಹಾಕದೆ ಮಾಡುವ ಗಂಡಸರ ಆಪರೇಷನ್. ಕೂತವರೆಲ್ಲ ತಿರುಗಿ ನೋಡಿದರು. ಈ ಒಂದು ಗಳಿಗೆಯಲ್ಲಿ ಎಷ್ಟು ಗಂಡಸರು ವಾಪಸ್ ಹೋಗಿರಬಹುದು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಡಾಕ್ಟರ್ ಇವತ್ತಿಲ್ಲ, ಇನ್ನೊಂದು ದಿನ ಬನ್ನಿ ಅಂದರು. ಬಂದೆ, ಆವತ್ತೂ ಇರಲಿಲ್ಲ. ನನ್ನದು ದಿನದ ಕೂಲಿ, ಒಂದು ದಿನ ತಪ್ಪಿಸಿದರೆ ಶನಿವಾರದ ಬಟವಾಡೆಯಲ್ಲಿ ಕಡಿಮೆಯಾಗುತ್ತದೆ. ಅದು ಆಸ್ಪತ್ರೆಯವರ ಲೆಕ್ಕಕ್ಕೆ ಬರುವುದೇ ಇಲ್ಲ. ಈ ದೇಶದಲ್ಲಿ ಕುಟುಂಬ ಯೋಜನೆ ಸರ್ಕಾರಿ ಕಾರ್ಯಕ್ರಮ ಆಗಿದ್ದು 1952ರಲ್ಲಿ. ಪ್ರಪಂಚದಲ್ಲಿ ಮೊದಲು ಶುರು ಮಾಡಿದವರು ನಾವೇ. ಇಷ್ಟು ವರ್ಷ ಆದ ಮೇಲೂ ವಿಚಾರಿಸೋಕೆ ಬಂದ ಗಂಡಸಿಗೆ ಒಂದು ಬೇರೆ ಕೋಣೆ, ಮೆತ್ತಗೆ ಮಾತಾಡುವ ಒಬ್ಬ ಮನುಷ್ಯ ಇಲ್ಲ ಅಂದರೆ ಹೇಗೆ?

ಆಶಾ ಅಕ್ಕನೇ ದಾರಿ ಮಾಡಿದರು. ಪ್ರತಿ ವರ್ಷ ನವೆಂಬರ್ 21ರಿಂದ ಡಿಸೆಂಬರ್ 4ರವರೆಗೆ ಗಂಡಸರ ಆಪರೇಷನ್ನಿಗೆ ಅಂತಲೇ ಪಾಕ್ಷಿಕ ನಡೆಸುತ್ತಾರೆ. ಆಗ ತರಬೇತಿ ಆದ ಡಾಕ್ಟರ್ ಇರುವ ದಿನ ನೋಡಿ ಹೆಸರು ಬರೆಸಿದರು. ನನ್ನ ಜೊತೆ ಹೆಂಡತಿ ಬಂದಳು. ಕಾನೂನಿನ ಪ್ರಕಾರ ಹೆಂಡತಿ ಸಹಿ ಬೇಕಿಲ್ಲ, ಗಂಡಸಿನದಾದರೂ ಹೆಂಗಸಿನದಾದರೂ ಮಾಡಿಸಿಕೊಳ್ಳುವವರ ಸಹಿ ಒಂದೇ ಸಾಕು. ಇದು ಹೆಂಗಸರಿಗೂ ಗೊತ್ತಿರಬೇಕಾದ ವಿಷಯ, ಗಂಡ ಸಹಿ ಹಾಕಲಿಲ್ಲ ಅಂತ ಎಷ್ಟೋ ಜನ ಸುಮ್ನೆ ಕೂತಿದ್ದಾರೆ.

ಆ ಡಾಕ್ಟರ್ ಮಾತ್ರ ಸಮಾಧಾನದ ಮನುಷ್ಯ. ಮದುವೆಯಾಗಿದೆಯಾ, ಎಷ್ಟು ಮಕ್ಕಳು, ಚಿಕ್ಕದಕ್ಕೆ ಎಷ್ಟು ವಯಸ್ಸು ಅಂತ ಕೇಳಿದರು. ಕನಿಷ್ಠ ಒಂದು ಮಗು ಇರಬೇಕು, ಅದಕ್ಕೆ ಒಂದು ವರ್ಷ ದಾಟಿರಬೇಕು, ಗಂಡಸಿಗೆ 60 ವರ್ಷದೊಳಗೆ ಇರಬೇಕು ಅಂತ ನಿಯಮ. "ಇದು ಶಾಶ್ವತ ಅಂತ ತಿಳ್ಕೊಂಡೇ ಮಾಡಿಸ್ಕೊಳ್ರಿ. ಮತ್ತೆ ಜೋಡಿಸಬಹುದು ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಬರಬೇಡ್ರಿ, ಅದು ದೊಡ್ಡ ಆಪರೇಷನ್, ಆಗೇ ಆಗುತ್ತೆ ಅಂತ ಗ್ಯಾರಂಟಿ ಇಲ್ಲ" ಅಂದರು. ಸಂಶಯ ಇದ್ದರೆ ಇವತ್ತು ಎದ್ದು ಹೋಗಬಹುದು, ಅದರಿಂದ ಬೇರೆ ಯಾವ ಸೌಲಭ್ಯವೂ ನಿಲ್ಲುವುದಿಲ್ಲ ಅಂತಲೂ ಹೇಳಿದರು. ಒಪ್ಪಿಗೆ ಪತ್ರದಲ್ಲೂ ಅದೇ ಇತ್ತು, ಓದಿ ಸಹಿ ಹಾಕಿದೆ.

ನನ್ನೊಳಗೆ ಇದ್ದ ಪ್ರಶ್ನೆಗಳನ್ನೆಲ್ಲ ಕೇಳಿದೆ. ಶಕ್ತಿ ಕಮ್ಮಿ ಆಗುತ್ತದಾ? ಗಂಡ ಹೆಂಡತಿ ಸೇರುವುದಕ್ಕೆ ತೊಂದರೆ ಆಗುತ್ತದಾ? ಅವರು ಹೇಳಿದ್ದು ಇಷ್ಟು. ಗಂಡಸಿನ ಹಾರ್ಮೋನ್ ರಕ್ತದಲ್ಲಿ ಹೋಗುತ್ತದೆ, ಆಪರೇಷನ್ನಿನಲ್ಲಿ ಕತ್ತರಿಸುವ ನಾಳದಲ್ಲಿ ಅಲ್ಲ. ನಾಳದಲ್ಲಿ ಬರುವುದು ವೀರ್ಯಾಣು ಮಾತ್ರ. ವೀರ್ಯದ ಬಹುಪಾಲು ನೀರು ಬೇರೆ ಗ್ರಂಥಿಗಳಿಂದ ಬರುತ್ತದೆ, ಅದಕ್ಕೆ ಆಪರೇಷನ್ ಆದ ಮೇಲೂ ನೋಡೋಕೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಸೆ, ಶಕ್ತಿ ಎಲ್ಲ ಇದ್ದ ಹಾಗೇ ಇರುತ್ತದೆ. ಹಾಗಾದರೆ ಆಪರೇಷನ್ ಆದ ಕೂಡಲೇ ಮಕ್ಕಳಾಗುವುದಿಲ್ಲವಾ ಅಂದೆ. ಅದಕ್ಕೆ ಅವರು, "ಕಾಲುವೆಯ ತೂಬು ಮುಚ್ಚಿದ ಮೇಲೂ ಕೆಳಗಿನ ನೀರು ಹರಿದು ಖಾಲಿ ಆಗೋಕೆ ದಿನ ಹಿಡಿಯುತ್ತದಲ್ಲ, ಹಂಗೇ ಇದು. ಮೂರು ತಿಂಗಳು ನಿರೋಧ್ ಬಳಸಲೇಬೇಕು, ಆಮೇಲೆ ಪರೀಕ್ಷೆ" ಅಂದರು. ನಮ್ಮ ಕಡೆಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳೋಕೆ ಆಗುವುದಿಲ್ಲ.

ಈ ಆಪರೇಷನ್ನಿನ ಬಗ್ಗೆ ನಮ್ಮ ಮನೆಯಲ್ಲಿ ಹಳೇ ಭಯ ಒಂದಿತ್ತು. ಅಪ್ಪ ಬದುಕಿದ್ದಾಗ ತುರ್ತು ಪರಿಸ್ಥಿತಿಯ ಕಥೆ ಹೇಳುತ್ತಿದ್ದ. 1976ರ ಸುಮಾರು ದೇಶದಲ್ಲಿ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಮಾಡಿದರು, ಎಷ್ಟೋ ಕಡೆ ಹಿಡಿದುಕೊಂಡು ಹೋಗಿ. ಆ ಗಾಯ ಜನ ಮರೆಯಲಿಲ್ಲ. ಸರ್ಕಾರವೂ ಆಮೇಲೆ ಗಂಡಸರ ತಂಟೆಗೆ ಹೋಗದೆ ಎಲ್ಲ ಭಾರ ಹೆಂಗಸರ ಮೇಲೆ ಹಾಕಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಮಕ್ಕಳಾಗದಂತೆ ನೋಡಿಕೊಳ್ಳೋಕೆ ಹೆಂಗಸರ ಆಪರೇಷನ್ ಆಗಿರುವುದು ದೇಶದಲ್ಲಿ ನೂರಕ್ಕೆ 37.9 ದಂಪತಿಗಳಲ್ಲಿ, ಗಂಡಸರದ್ದು 0.3. ನಮ್ಮ ಕರ್ನಾಟಕದಲ್ಲಂತೂ ಹೆಂಗಸರದ್ದು ಅರ್ಧಕ್ಕಿಂತ ಜಾಸ್ತಿ. ಹೆಂಗಸರ ಆಪರೇಷನ್ನಿಗೆ ಹೊಟ್ಟೆಯೊಳಗೆ ಹೋಗಬೇಕು, ಗಂಡಸರದ್ದು ಚರ್ಮದ ಕೆಳಗೇ ಸಿಗುವ ನಾಳ. ಸುಲಭದ್ದನ್ನು ಬಿಟ್ಟು ಕಷ್ಟದ್ದನ್ನು ಹೆಂಗಸರಿಗೆ ಕೊಟ್ಟಿದ್ದೇವೆ, ಇದು ನ್ಯಾಯ ಅಲ್ಲ.

ಆಪರೇಷನ್ ದಿನದ ವಿವರ ಹೇಳುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಮೊದಲೇ ಬಿಪಿ, ರಕ್ತ, ಮೂತ್ರ ನೋಡಿದ್ದರು. ಆ ಜಾಗದ ಕೂದಲು ತೆಗೆದು, ಸ್ನಾನ ಮಾಡಿ, ಬಿಗಿಯಾದ ಒಳಚಡ್ಡಿ ತರಬೇಕು ಅಂದಿದ್ದರು. ಉಪವಾಸ ಬೇಡ, ಸ್ವಲ್ಪ ತಿಂದು ಬನ್ನಿ ಅಂದಿದ್ದರು, ಸ್ವಲ್ಪ ಒಗ್ಗರಣೆ ಮಂಡಕ್ಕಿ ತಿಂದು ಹೋದೆ. ಟೇಬಲ್ ಮೇಲೆ ಮಲಗಿಸಿ ಔಷಧಿ ಹಚ್ಚಿ ತೊಳೆದರು, ತಣ್ಣಗೆ ಅನಿಸಿತು. ಡಾಕ್ಟರ್ ಬೆರಳಲ್ಲೇ ನಾಳ ಹುಡುಕಿ ಹಿಡಿದುಕೊಂಡು ಅಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ನೋವು ಅಂದರೆ ಅದೇ, ಚುಚ್ಚಿದ್ದು ಮತ್ತು ಒಂದು ಗಳಿಗೆ ಉರಿ. ಆಮೇಲೆ ಜಾಗ ಮರಗಟ್ಟಿತು. ಬ್ಲೇಡ್ ಹಾಕುವುದಿಲ್ಲ. ಚೂಪಾದ ಚಿಮಟದಲ್ಲಿ ಚರ್ಮಕ್ಕೆ ಒಂದು ಸಣ್ಣ ತೂತು ಮಾಡಿ, ನಾಳ ಹೊರಗೆ ತೆಗೆದು, ಸ್ವಲ್ಪ ಕತ್ತರಿಸಿ, ಗಂಟು ಹಾಕಿ ಒಳಗೆ ಬಿಡುತ್ತಾರೆ. ಅದೇ ತೂತಿನಿಂದ ಇನ್ನೊಂದು ಕಡೆಯದ್ದೂ ಆಗುತ್ತದೆ. ನಾಳ ಎಳೆಯುವಾಗ ಕೆಳಹೊಟ್ಟೆಯಲ್ಲಿ ಜಗ್ಗಿದ ಹಾಗೆ ಅನಿಸಿತು, ಇಷ್ಟಪಡುವಂಥ ಅನುಭವ ಅಲ್ಲ, ಆದರೆ ತಡೆದುಕೊಳ್ಳಬಹುದು. ಡಾಕ್ಟರ್ ಅಷ್ಟೊತ್ತೂ ಜೀನ್ಸ್ ಬಟ್ಟೆ ಎಲ್ಲಿಂದ ಬರುತ್ತದೆ, ಒಂದು ಸಲಕ್ಕೆ ಎಷ್ಟು ಪದರ ಹಾಸಿ ಕತ್ತರಿಸುತ್ತೀರಿ ಅಂತ ಮಾತಾಡಿಸುತ್ತಲೇ ಇದ್ದರು. 20 ನಿಮಿಷದೊಳಗೆ ಮುಗಿಯಿತು. ಹೊಲಿಗೆ ಇಲ್ಲ, ಸುಮ್ನೆ ಒಂದು ಪಟ್ಟಿ. ಅರ್ಧ ತಾಸು ಮಲಗಿಸಿ, ಬಿಪಿ ನೋಡಿ, ಮಾತ್ರೆ, ನಿರೋಧ್ ಕೊಟ್ಟು ಕಳಿಸಿದರು. ಆಟೋದಲ್ಲಿ ಮನೆಗೆ ಬಂದೆವು.

ಮೊದಲ ಎರಡು ದಿನ ಮಲಗಿದ್ದೇ ಜಾಸ್ತಿ. ಆ ಜಾಗ ಒದ್ದೆ ಆಗಬಾರದು. ಸ್ವಲ್ಪ ಊದಿತ್ತು, ಚರ್ಮ ನೀಲಿಗಟ್ಟಿತ್ತು, ಒಂದು ವಾರದಲ್ಲಿ ಹೋಯಿತು. ಜ್ವರ ಬಂದರೆ, ಊತ ಏರುತ್ತಾ ಹೋದರೆ, ರಕ್ತ ಅಥವಾ ಕೀವು ಬಂದರೆ ಕಾಯದೆ ಬನ್ನಿ ಅಂತ ಹೇಳಿ ಕಳಿಸಿದ್ದರು, ನನಗೆ ಅದ್ಯಾವುದೂ ಆಗಲಿಲ್ಲ. ಭಾರದ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ನಮ್ಮ ಯೂನಿಟ್ ಮಹಡಿ ಮೇಲಿದೆ, ಬಟ್ಟೆಯ ಥಾನು ಹೊತ್ತು ಹತ್ತಬೇಕು. ಒಂದು ವಾರ ಥಾನು ಮುಟ್ಟಲಿಲ್ಲ, ಸೈಕಲ್ ಹತ್ತಲಿಲ್ಲ. ಮಾಲೀಕರಿಗೆ ನಿಜವನ್ನೇ ಹೇಳಿದೆ, ಅವರು ಹುಡುಗರ ಕೈಲಿ ಥಾನು ತರಿಸಿದರು, ನಾನು ಕತ್ತರಿ ಕೆಲಸ ಅಷ್ಟೇ ಮಾಡಿದೆ. ಈಗ ಮೊದಲಿನ ಹಾಗೇ ಎತ್ತುತ್ತೇನೆ. ಇದನ್ನು ನೋಡಿಯೇ ಅವ್ವ ಒಪ್ಪಿದ್ದು, ನಾನು ಬಾಯಲ್ಲಿ ಹೇಳಿದ್ದಕ್ಕೆ ಅಲ್ಲ.

ಮೂರು ತಿಂಗಳು ಕಾಯುವುದನ್ನು ಬಹಳ ಜನ ಬಿಟ್ಟುಬಿಡುತ್ತಾರಂತೆ. ಆಪರೇಷನ್ ಆಯ್ತು, ಮುಗೀತು ಅಂದುಕೊಳ್ಳುತ್ತಾರೆ. ಆಮೇಲೆ ಹೆಂಡತಿ ಬಸುರಿ ಆದರೆ ಮನೆಯಲ್ಲಿ ಏನಾಗುತ್ತದೆ ಯೋಚನೆ ಮಾಡಿ. ಅನುಮಾನ ಬರುವುದು ಆ ಹೆಂಗಸಿನ ಮೇಲೆ. ಪರೀಕ್ಷೆ ಮಾಡಿಸದೆ ಬಿಟ್ಟ ಗಂಡಸಿನ ಉದಾಸೀನಕ್ಕೆ ಅವಳು ಮಾತು ಕೇಳಬೇಕು. ಹಾಗಾಗಿ ಈ ಪರೀಕ್ಷೆ ಆಪರೇಷನ್ನಿನಷ್ಟೇ ಮುಖ್ಯ. ವೀರ್ಯದಲ್ಲಿ ವೀರ್ಯಾಣು ಇಲ್ಲ ಅಂತ ಗೊತ್ತಾದ ಮೇಲೇ ಪ್ರಮಾಣಪತ್ರ ಕೊಡುವುದು. ಪರೀಕ್ಷೆ ಆದ ಮೇಲೂ ನೂರಕ್ಕೆ ನೂರು ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ, ಅಪರೂಪಕ್ಕೆ ತಪ್ಪುವುದುಂಟು, ಅದಕ್ಕೆ ಸರ್ಕಾರದಿಂದ ಪರಿಹಾರವೂ ಇದೆ.

ಆದರೆ ಪರೀಕ್ಷೆಗೆ ಹೋದಾಗ ಆದ ಬೇಜಾರು ಹೇಳಲೇಬೇಕು. ಡಬ್ಬಿ ಕೈಗೆ ಕೊಟ್ಟು ಮೂಲೆಯ ಶೌಚಾಲಯ ತೋರಿಸಿದರು. ಚಿಲಕ ಮುರಿದಿತ್ತು, ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. ಅಲ್ಲಿ ಯಾವ ಮನುಷ್ಯನಿಗೆ ಸ್ಯಾಂಪಲ್ ಕೊಡೋಕೆ ಆಗುತ್ತದೆ? ಮನೆಯಿಂದ ತರುತ್ತೇನೆ ಅಂದೆ. ಒಂದು ತಾಸಿನೊಳಗೆ ಲ್ಯಾಬ್ ಮುಟ್ಟಿಸಿದರೆ ಆಗುತ್ತದೆ ಅಂದರು. ನಮ್ಮ ಮನೆ ಹತ್ತಿರ ಇತ್ತು, ನಡೆಯಿತು. ಕಂಪ್ಲಿ, ಸಿರುಗುಪ್ಪ ಕಡೆಯ ಹಳ್ಳಿಯಿಂದ ಬಂದವನು ಏನು ಮಾಡಬೇಕು? ಗಂಡಸರು ಮುಂದೆ ಬರುತ್ತಿಲ್ಲ ಅಂತ ಪ್ರತಿ ವರ್ಷ ಜಾಥಾ ಮಾಡುವ ಬದಲು ಒಂದು ಚಿಲಕ ಹಾಕಿಸಿದರೂ ಆಗುತ್ತದೆ.

ಆಪರೇಷನ್ ಮಾಡಿಸಿಕೊಂಡಿದ್ದಕ್ಕೆ ಸರ್ಕಾರದಿಂದ ನನ್ನ ಖಾತೆಗೆ 1,100 ರೂಪಾಯಿ ಬಂತು. ಕಳೆದುಕೊಂಡ ಕೂಲಿಯ ಲೆಕ್ಕಕ್ಕೆ ಅದು ಸಾಲುವುದಿಲ್ಲ, ಆದರೆ ದುಡ್ಡಿಗಾಗಿ ಮಾಡಿಸಿಕೊಳ್ಳುವ ಕೆಲಸವೂ ಇದಲ್ಲ.

ಇನ್ನೊಂದು ಮಾತು. ನಮ್ಮ ಮನೆ ಕೌಲ್ ಬಜಾರ್ ಕಡೆ, ಎರಡು ಕೋಣೆ, ಐದು ಜನ. ನಳದಲ್ಲಿ ನೀರು ದಿನಾ ಬರುವುದಿಲ್ಲ, ಬಂದ ದಿನ ಡ್ರಮ್ಮು, ಕೊಡ, ಬಕೆಟ್ಟು ಎಲ್ಲ ತುಂಬಿಟ್ಟುಕೊಳ್ಳಬೇಕು. ಕೂಸು ಇದ್ದ ಮನೆಗೆ ಅದು ಎಷ್ಟು ಸಾಲುತ್ತದೆ ಅಂತ ತೊಳೆಯುವ ಹೆಂಗಸಿಗೆ ಗೊತ್ತು. ನಾವು ಇಬ್ಬರೇ ಸಾಕು ಅಂದಿದ್ದರಲ್ಲಿ ಈ ಲೆಕ್ಕವೂ ಇತ್ತು. ಆದರೆ ನಾನು ಆಪರೇಷನ್ ಮಾಡಿಸಿಕೊಂಡಿದ್ದು ಕೇಳಿ ಒಬ್ಬರು ಬೆನ್ನು ತಟ್ಟಿ, "ಒಳ್ಳೇದು ಮಾಡಿದಿ, ನಿಮ್ಮಂಥ ಓಣಿಗಳಲ್ಲಿ ಮಕ್ಕಳು ಜಾಸ್ತಿ ಆಗಿಯೇ ಊರು ತುಂಬಿ ಹೋಗಿದೆ" ಅಂದರು. ಅದನ್ನು ನಾನು ಒಪ್ಪುವುದಿಲ್ಲ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 2.1 ಇದ್ದರೆ ಜನಸಂಖ್ಯೆ ಕ್ರಮೇಣ ಇದ್ದಲ್ಲೇ ನಿಲ್ಲುತ್ತದೆ ಅಂತಾರೆ, ನಾವು ಅದಕ್ಕಿಂತ ಕೆಳಗಿದ್ದೇವೆ. ಬಳ್ಳಾರಿ 2011ರ ಜನಗಣತಿಯಲ್ಲೇ 4 ಲಕ್ಷ ದಾಟಿತ್ತು. ಊರು ಬೆಳೆಯುತ್ತಿರುವುದಕ್ಕೆ ದುಡಿಮೆಗೆ ಬರುವ ಜನವೂ ಕಾರಣ. ನನ್ನ ಟೇಬಲ್ಲಿನ ಸುತ್ತ ನಿಂತವರನ್ನೇ ನೋಡಿ, ಒಬ್ಬ ರಾಯಚೂರು ಕಡೆಯವನು, ಇನ್ನೊಬ್ಬ ಆಂಧ್ರದ ಆಲೂರಿನವನು, ನನ್ನ ಅಪ್ಪನೂ ಹೀಗೇ ಮಳೆ ಇಲ್ಲದ ಹಳ್ಳಿಯಿಂದ ಬಂದವನು. ಇವರು ಬರದಿದ್ದರೆ ಬಳ್ಳಾರಿ ಜೀನ್ಸ್ ಎಲ್ಲಿರುತ್ತಿತ್ತು? ಆ ಕಡೆ ನೀರಿನ ಕಥೆ ನೋಡಿ. ತುಂಗಭದ್ರಾ ಅಣೆಕಟ್ಟು ಮೊದಲು 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಟಿಎಂಸಿ ಸುಮಾರು. ಅದರ ಮೇಲ್ಮಟ್ಟದ ಕಾಲುವೆಯಿಂದಲೇ ಅಲ್ಲೀಪುರ ಕೆರೆಗೆ ನೀರು ಬರಬೇಕು, ಅಲ್ಲಿಂದ ನಮ್ಮ ನಳಕ್ಕೆ. ಹೂಳಿಗೆ, ಪೈಪಿಗೆ, ಬಾಡಿಗೆ ಮನೆಗಳ ಕೊರತೆಗೆ ಪರಿಹಾರ ಬೇರೆಯೇ ಮಾಡಬೇಕು. ಬಡವರ ಮನೆಯ ಮಕ್ಕಳನ್ನು ಎಣಿಸಿದರೆ ಅದು ಆಗುವುದಿಲ್ಲ.

ಹಾಗಂತ ಈ ಸೇವೆ ಊರಿಗೆ ಸಂಬಂಧವಿಲ್ಲದ್ದು ಅಂತಲೂ ನಾನು ಹೇಳುತ್ತಿಲ್ಲ. ಇಕ್ಕಟ್ಟಿನ ಊರಲ್ಲಿ ದುಡಿಯುವ ಗಂಡ ಹೆಂಡತಿಗೆ ಯಾವಾಗ ಮಗು ಬೇಕು, ಯಾವಾಗ ಸಾಕು ಅಂತ ತೀರ್ಮಾನ ಮಾಡುವ ಅನುಕೂಲ ಕಾಲ್ನಡಿಗೆಯ ದೂರದಲ್ಲೇ ಸಿಗಬೇಕು. ಒಂದು ನಗರ ಆರೋಗ್ಯ ಕೇಂದ್ರಕ್ಕೆ ಸುಮಾರು 50,000 ಜನ ಅಂತ ಲೆಕ್ಕ ಇಟ್ಟಿದ್ದಾರೆ. ಅಲ್ಲಿ ವಾರಕ್ಕೆ ಒಂದು ಸಂಜೆ, ಯೂನಿಟ್‌ಗಳು ಬಿಟ್ಟ ಮೇಲೆ, ಗಂಡಸರ ಜೊತೆ ಮಾತಾಡೋಕೆ ಒಬ್ಬರು ಗಂಡಸು ಸಿಬ್ಬಂದಿ ಕೂತರೆ ಸಾಕು, ಎಷ್ಟೋ ಜನ ಬರುತ್ತಾರೆ. ನಮ್ಮ ಯೂನಿಟ್‌ನಲ್ಲಿ ಪಕ್ಕಕ್ಕೆ ಕರೆದು ಕೇಳಿದವರೇ ಅದಕ್ಕೆ ಸಾಕ್ಷಿ. ಅವರಲ್ಲಿ ಒಬ್ಬ ಈಗಾಗಲೇ ಹೆಂಡತಿಯ ಜೊತೆ ಹೋಗಿ ಹೆಸರು ಬರೆಸಿದ್ದಾನೆ.

ನೀವು ಹೋಗುವುದಾದರೆ ಪಾಕ್ಷಿಕಕ್ಕೇ ಕಾಯಬೇಕು ಅಂತೇನಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಕೇಳಬಹುದು. ತರಬೇತಿ ಆದ ಡಾಕ್ಟರ್ ಯಾವ ದಿನ ಇರುತ್ತಾರೆ ಅಂತ ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯ ಹತ್ತಿರ ಮೊದಲೇ ವಿಚಾರಿಸಿಕೊಳ್ಳಿ, ಸುಮ್ನೆ ಕೂಲಿ ಕಳೆದುಕೊಳ್ಳಬೇಡಿ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡರ ಜೆರಾಕ್ಸ್ ಇರಲಿ, ಬಿಗಿ ಒಳಚಡ್ಡಿ ಒಂದಕ್ಕೆ ಎರಡು ಇರಲಿ. ಒಂದು ವಾರ ಭಾರದ ಕೆಲಸ ಇಲ್ಲದ ಸಮಯ ನೋಡಿಕೊಳ್ಳಿ. ಮೂರು ತಿಂಗಳ ಪರೀಕ್ಷೆಯ ತಾರೀಖನ್ನು ಆವತ್ತೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಪ್ರಮಾಣಪತ್ರ ಕೈಗೆ ಬರುವವರೆಗೆ ನಿರೋಧ್ ಬಿಡಬೇಡಿ.